ವಿಮಾನವಿಳಂಬವೂ ತಾಪತ್ರಯವೂ

ಕನ್ನಡ ಮನೆಗಳಲ್ಲಿ ‘ತಾಪತ್ರಯ’ ಎಂಬ ಮಾತು ಬಹು ಸಲಿಗೆಯಿಂದ ಓಡಾಡುತ್ತದೆ. ಹಾಲು ಉಕ್ಕಿ ಒಲೆ ಆರಿದರೂ ತಾಪತ್ರಯ, ಸಾಲ ಕೊಟ್ಟವನು ಬಾಗಿಲಿಗೆ ಬಂದರೂ ತಾಪತ್ರಯ, ಲಗ್ನಪತ್ರಿಕೆಯಲ್ಲಿ ಒಂದಕ್ಷರ ತಪ್ಪಿದರೂ ತಾಪತ್ರಯವೇ. ಆದರೆ ಈ ಮಾತು ಶಾಸ್ತ್ರದಿಂದ ಮನೆಗೆ ಬಂದುದು. ಅದರ ಹೊಟ್ಟೆಯಲ್ಲಿ ಮೂರೆಂಬ ಎಣಿಕೆ ಅಡಗಿದೆ. ದೈವದಿಂದ, ಎಂದರೆ ಮಳೆ ಗಾಳಿ ಚಳಿ ಸಿಡಿಲುಗಳಿಂದ, ಬರತಕ್ಕ ದುಃಖವು ಆಧಿದೈವಿಕ. ಇತರ ಪ್ರಾಣಿಗಳಿಂದ, ಮುಖ್ಯವಾಗಿ ಮನುಷ್ಯರಿಂದ, ಬರತಕ್ಕದ್ದು ಆಧಿಭೌತಿಕ. ತನ್ನ ದೇಹದಲ್ಲಿಯೂ ಮನಸ್ಸಿನಲ್ಲಿಯೂ ಹುಟ್ಟತಕ್ಕದ್ದು ಆಧ್ಯಾತ್ಮಿಕ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯು ಈ ದುಃಖತ್ರಯದ ಪ್ರಸ್ತಾಪದಿಂದಲೇ ಮೊದಲಾಗುತ್ತದೆ. ಪೂರ್ವಿಕರು ಹೀಗೆ ವಿಂಗಡಿಸಿದುದು ಎಣಿಕೆಯ ಚಪಲದಿಂದಲ್ಲ. ವೈದ್ಯನು ರೋಗದ ಮೂಲವನ್ನು ಅರಿಯದೆ ಮದ್ದು ಕೊಡಲಾರನಷ್ಟೆ. ಹಾಗೆಯೇ ದುಃಖವು ಎಲ್ಲಿಂದ ಬಂದಿತೆಂಬುದನ್ನು ಅರಿಯದವನು ಅದನ್ನು ಸಹಿಸಬೇಕೋ ಪ್ರತಿಭಟಿಸಬೇಕೋ ಎಂಬುದನ್ನು ನಿರ್ಣಯಿಸಲಾರನು.

ಈ ವಿಂಗಡಣೆಯು ಇಂದಿಗೂ ಪ್ರಯೋಜನಕ್ಕೆ ಬರುವುದೋ ಎಂಬುದನ್ನು ಈ ಕಾಲದ ಒಂದು ದುಃಖದ ಮೇಲಿಟ್ಟು ಪರೀಕ್ಷಿಸಬಹುದು. ಪ್ರತಿ ವರ್ಷವೂ ಡಿಸೆಂಬರ್ ಜನವರಿಗಳಲ್ಲಿ ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣವು ಮಂಜಿನಲ್ಲಿ ಮುಳುಗುತ್ತದೆ. ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ, ಕೆಲವು ರದ್ದಾಗುತ್ತವೆ, ಕೆಲವು ಬೇರೆ ಊರಿಗೆ ತಿರುಗುತ್ತವೆ. ಸಾವಿರಾರು ಜನರು ನೆಲದ ಮೇಲೆ ಚೀಲಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ಅಂಥ ಹೊತ್ತಿನಲ್ಲಿ ‘ತಾಳಿದವನು ಬಾಳಿಯಾನು’ ಎಂದು ಒಬ್ಬನು ಸುಮ್ಮನಿರುತ್ತಾನೆ. ಇನ್ನೊಬ್ಬನು ಮೇಜನ್ನು ಗುದ್ದಿ ಗರ್ಜಿಸುತ್ತಾನೆ. ಇಬ್ಬರಲ್ಲಿ ಧರ್ಮವು ಯಾರ ಕಡೆಗೆ ಎಂಬುದು ಪ್ರಶ್ನೆ.

ಮೊದಲು ದೈವದ ಪಾಲನ್ನು ನೋಡಬೇಕು. ಗಂಗಾ ಯಮುನೆಗಳ ಬಯಲಿನಲ್ಲಿ ಚಳಿಗಾಲದ ರಾತ್ರಿ ಆಕಾಶವು ತಿಳಿಯಾಗಿ ಗಾಳಿಯು ಅಡಗಿದಾಗ, ನೆಲವು ಹಗಲು ಹೀರಿದ ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ನೆಲಕ್ಕೆ ತಗುಲಿದ ಗಾಳಿಯು ತಣ್ಣಗಾಗಿ, ನೀರುಂಡ ಹೊಲಗಳಿಂದ ಎದ್ದ ತೇವವು ಅದರಲ್ಲಿ ಸಣ್ಣ ಹನಿಗಳಾಗಿ ನಿಲ್ಲುತ್ತದೆ. ಹೊಗೆ ಧೂಳುಗಳ ಕಣಗಳು ಆ ಹನಿಗಳಿಗೆ ಬೀಜವಾಗುತ್ತವೆ. ಮೇಲೆ ಬೆಚ್ಚನೆಯ ಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿರುವುದರಿಂದ ಈ ಮಂಜು ಮೇಲೇರಿ ಚೆದುರಲಾರದೆ, ಸೂರ್ಯನಿಂದ ನೆಲವು ಕಾಯುವ ತನಕ ಬಿದ್ದಲ್ಲಿಯೇ ಬಿದ್ದಿರುತ್ತದೆ. ನೋಟವು 200 ಮೀಟರಿಗಿಂತ ಕುಗ್ಗಿದರೆ ಹವಾಮಾನ ಇಲಾಖೆಯು ಅದನ್ನು ದಟ್ಟ ಮಂಜೆಂದೂ, 50 ಮೀಟರಿಗಿಂತ ಕುಗ್ಗಿದರೆ ಅತಿ ದಟ್ಟ ಮಂಜೆಂದೂ ಕರೆಯುತ್ತದೆ.

ಇಂಥ ಮಂಜಿನಲ್ಲಿಯೂ ಇಳಿಯುವ ಉಪಾಯವನ್ನು ಮನುಷ್ಯನು ಕಂಡುಕೊಂಡಿದ್ದಾನೆ. ‘ಕ್ಯಾಟ್ 3 ಬಿ’ ಎಂಬ ವ್ಯವಸ್ಥೆಯಿಂದ 50 ಮೀಟರಿನ ನೋಟದಲ್ಲಿಯೂ ವಿಮಾನವನ್ನು ನೆಲಕ್ಕೆ ತರಬಹುದು. ಆದರೆ ಅದಕ್ಕೆ ಮೂರು ಕೂಡಬೇಕು: ನೆಲದಲ್ಲಿ ತಕ್ಕ ಉಪಕರಣ, ವಿಮಾನದಲ್ಲಿ ತಕ್ಕ ಯಂತ್ರ, ಚಾಲಕರಲ್ಲಿ ತಕ್ಕ ತರಬೇತಿ. ಇಳಿದ ವಿಮಾನವು ಮತ್ತೆ ಏರಬೇಕಾದರೆ ಸಾಮಾನ್ಯವಾಗಿ 125 ಮೀಟರಿನಷ್ಟು ನೋಟ ಬೇಕು. ಮಂಜಿನಲ್ಲಿ ಒಂದು ವಿಮಾನಕ್ಕೂ ಇನ್ನೊಂದಕ್ಕೂ ಹೆಚ್ಚು ಅಂತರ ಬಿಡಬೇಕಾದುದರಿಂದ, ಎಲ್ಲ ಅನುಕೂಲವಿದ್ದರೂ ಗಂಟೆಗೆ ಬಂದು ಹೋಗುವ ವಿಮಾನಗಳ ಸಂಖ್ಯೆ ಇಳಿಯುತ್ತದೆ. ದೆಹಲಿಯ ಮಂಜು ದೆಹಲಿಯಲ್ಲಿಯೇ ನಿಲ್ಲುವುದೂ ಇಲ್ಲ. ದೇವನಹಳ್ಳಿಯಲ್ಲಿ ಬಿಸಿಲು ಚೆನ್ನಾಗಿ ಬಿದ್ದಿರುವಾಗಲೂ ಪ್ರಯಾಣಿಕರು ಕಾಯಬೇಕಾಗುತ್ತದೆ. ಯಾಕೆಂದರೆ ಅವರನ್ನು ಕರೆದೊಯ್ಯಬೇಕಾದ ವಿಮಾನವು ಇನ್ನೂ ಯಮುನೆಯ ದಡದಲ್ಲಿ ಕುರುಡಾಗಿ ನಿಂತಿರುತ್ತದೆ.

ಈ ಭಾಗದ ವಿಳಂಬಕ್ಕೆ ತಾಳ್ಮೆಯೇ ಮದ್ದು. ಅದು ಬೇರೆ ದಾರಿಯಿಲ್ಲದವನ ತಾಳ್ಮೆ ಮಾತ್ರವಲ್ಲ, ವಿವೇಕಿಯ ತಾಳ್ಮೆಯೂ ಹೌದು. ಅಲ್ಲಿ ವಿಳಂಬವೇ ರಕ್ಷೆ. 1958ನೆಯ ಇಸವಿ ಫೆಬ್ರವರಿ 6ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕಾಲ್ಚೆಂಡಿನ ತಂಡವನ್ನು ಹೊತ್ತ ವಿಮಾನವು ಹಿಮ ಬೀಳುತ್ತಿರುವಾಗ ಎರಡು ಸಲ ಏರಲೆತ್ತಿಸಿ ನಿಂತುಹೋಯಿತು. ಪ್ರಯಾಣಿಕರನ್ನು ಇಳಿಸಿ ಕೂರಿಸಿದರು. ಆ ರಾತ್ರಿ ಅಲ್ಲಿಯೇ ತಂಗಬಹುದೆಂಬ ಸಲಹೆಯೂ ಬಂದಿತ್ತು. ಆದರೆ ಹೊತ್ತು ಮೀರಬಾರದೆಂದು ಸ್ವಲ್ಪ ಕಾಲದಲ್ಲಿಯೇ ಅವರನ್ನು ಮತ್ತೆ ಕರೆದು ಮೂರನೆಯ ಸಲ ಯತ್ನಿಸಿದರು. ವಿಮಾನದಲ್ಲಿದ್ದ 44 ಜನರಲ್ಲಿ 23 ಜನರು ಸತ್ತರು. ಆ ಸಂಜೆ ಪ್ರಯಾಣವು ರದ್ದಾಗಿದ್ದರೆ ಎಷ್ಟು ಜನರು ಗೊಣಗುತ್ತಿದ್ದರೋ ತಿಳಿಯದು. ಗೊಣಗುವುದಕ್ಕಾದರೂ ಅವರು ಬದುಕಿರುತ್ತಿದ್ದರು. ಮಂಜಿನ ದಿನ ‘ಇಂದು ಹಾರುವುದಿಲ್ಲ’ ಎಂದು ಹೇಳುವ ಚಾಲಕನು ಪ್ರಯಾಣಿಕನ ಶತ್ರುವಲ್ಲ.

ಇನ್ನು ಎರಡನೆಯದು, ಮನುಷ್ಯರಿಂದ ಬರತಕ್ಕ ತಾಪ. ಇದರ ಕಷ್ಟವೇನೆಂದರೆ ಇದು ದೈವದ ಮುಸುಕನ್ನು ಹೊದ್ದು ಬರುತ್ತದೆ. 2023ರ ಡಿಸೆಂಬರ್ ಕೊನೆಯಲ್ಲಿ ದೆಹಲಿಗೆ ಬಂದ ಹಲವು ವಿಮಾನಗಳು ಇಳಿಯಲಾರದೆ ಬೇರೆಡೆಗೆ ತಿರುಗಿದುವು. ಆಕಾಶವಾರ್ತೆಯನ್ನು ಕೇಳಿದವರೆಲ್ಲ ‘ಮಂಜು’ ಎಂದರು. ಆದರೆ ವಿಮಾನಯಾನದ ಮಹಾನಿರ್ದೇಶನಾಲಯವು ವಿಚಾರಿಸಿ, ಮಂಜಿನ ಕಾಲವೆಂದು ತಿಳಿದಿದ್ದೂ ಮಂಜಿನಲ್ಲಿ ಇಳಿಸುವ ತರಬೇತಿಯಿಲ್ಲದ ಚಾಲಕರನ್ನು ನೇಮಿಸಿದುದಕ್ಕಾಗಿ ಎರಡು ಸಂಸ್ಥೆಗಳಿಗೆ ತಲಾ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಮಂಜು ದೈವದ್ದು ನಿಜ. ಆದರೆ ಚಾಲಕರ ಸರದಿಯ ಪಟ್ಟಿಯನ್ನು ಬರೆದುದು ದೈವವಲ್ಲ.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನ ನಡೆಯಿತು. 2022ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಆ ದೇಶದ ಮೇಲೆ ಭಾರಿ ಹಿಮಮಾರುತ ಬೀಸಿತು. ಎಲ್ಲ ಸಂಸ್ಥೆಗಳ ವಿಮಾನಗಳೂ ನಿಂತುವು. ಕೆಲವು ದಿನಗಳಲ್ಲಿ ಇತರರು ಚೇತರಿಸಿಕೊಂಡರು. ಸೌತ್‌ವೆಸ್ಟ್ ಎಂಬ ಸಂಸ್ಥೆಯೊಂದು ಮಾತ್ರ ಚೇತರಿಸಿಕೊಳ್ಳಲಿಲ್ಲ. ಯಾವ ಚಾಲಕನು ಯಾವ ಊರಿನಲ್ಲಿದ್ದಾನೆ ಎಂಬ ಲೆಕ್ಕವೇ ಅದಕ್ಕೆ ತಪ್ಪಿಹೋಗಿತ್ತು. 16,900 ಹಾರಾಟಗಳು ರದ್ದಾದುವು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರು ದಾರಿಯಲ್ಲಿ ಸಿಕ್ಕಿಬಿದ್ದರು. ಮರುವರ್ಷ ಸರಕಾರವು ಆ ಸಂಸ್ಥೆಯ ಮೇಲೆ 14 ಕೋಟಿ ಡಾಲರುಗಳ ದಂಡವನ್ನು ಹೊರಿಸಿತು. ಹಿಮವು ಕರಗಿದ ಮೇಲೆಯೂ ಉಳಿದ ವಿಳಂಬವನ್ನು ಹಿಮದ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲವೆಂದು ಇದರ ಅರ್ಥ.

ದೈವದ ಪಾಲಿನಲ್ಲಿಯೂ ಮನುಷ್ಯನಿಗೆ ಒಂದು ಕರ್ತವ್ಯ ಉಳಿದೇ ಇರುತ್ತದೆ. ಭಾರತದ ನಿಯಮಗಳಲ್ಲಿಯೂ ಯುರೋಪಿನ ನಿಯಮಗಳಲ್ಲಿಯೂ ಹವಾಮಾನದಂಥ ಅನಿವಾರ್ಯ ಕಾರಣದಿಂದ ವಿಮಾನ ರದ್ದಾದರೆ ಸಂಸ್ಥೆಯು ನಷ್ಟಪರಿಹಾರ ಕೊಡಬೇಕಾದುದಿಲ್ಲ. ಆದರೆ ಪರಿಹಾರ ಬೇರೆ, ಪಾಲನೆ ಬೇರೆ. 2010ರಲ್ಲಿ ಐಸ್‌ಲೆಂಡಿನ ಜ್ವಾಲಾಮುಖಿಯ ಬೂದಿಯಿಂದ ಯುರೋಪಿನ ಆಕಾಶವೇ ಮುಚ್ಚಿದಾಗ, ಇಂಥ ಅಸಾಧಾರಣ ಉತ್ಪಾತದಲ್ಲಿ ಪ್ರಯಾಣಿಕರಿಗೆ ಅನ್ನ ವಸತಿಗಳನ್ನು ಒದಗಿಸುವ ಹೊಣೆ ತನಗಿಲ್ಲವೆಂದು ಒಂದು ಸಂಸ್ಥೆ ವಾದಿಸಿತು. 2013ರಲ್ಲಿ ಯುರೋಪಿನ ನ್ಯಾಯಾಲಯವು ಆ ವಾದವನ್ನು ತಳ್ಳಿಹಾಕಿತು. ಉತ್ಪಾತವು ದೊಡ್ಡದಾದಷ್ಟೂ ಪ್ರಯಾಣಿಕನು ದಿಕ್ಕಿಲ್ಲದವನಾಗುವನಲ್ಲದೆ ಸ್ವತಂತ್ರನಾಗುವುದಿಲ್ಲ. ಮಳೆ ಬಂದುದಕ್ಕೆ ಛತ್ರದವನು ಹೊಣೆಯಲ್ಲ. ಮಳೆಯಲ್ಲಿ ನೆನೆದು ಬಂದವನಿಗೆ ಬಾಗಿಲು ಮುಚ್ಚಿದರೆ ಹೊಣೆ.

ಇಲ್ಲಿ ಒಂದು ಪೂರ್ವಪಕ್ಷ ಏಳುತ್ತದೆ. ಬಂದುದೆಲ್ಲವನ್ನೂ ಪ್ರತೀಕಾರವಿಲ್ಲದೆ, ಚಿಂತೆ ಪ್ರಲಾಪಗಳಿಲ್ಲದೆ ಸಹಿಸುವುದೇ ತಿತಿಕ್ಷೆಯೆಂದು ಹಿರಿಯರು ಹೇಳಿರುವಾಗ, ದಂಡ ಪರಿಹಾರಗಳ ಈ ಲೆಕ್ಕವೇಕೆ? ಸಂಸ್ಥೆಯ ತಪ್ಪಾದರೇನು, ಮಂಜಿನ ತಪ್ಪಾದರೇನು, ಸಹಿಸುವವನಿಗೆ ಎರಡೂ ಒಂದೇ ಅಲ್ಲವೆ?

ಇದಕ್ಕೆ ಸಮಾಧಾನವೇನೆಂದರೆ, ತಿತಿಕ್ಷೆಯು ತನ್ನ ದುಃಖದ ವಿಷಯದಲ್ಲಿ ಹೇಳಿದ ಗುಣ. ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳು ಊಟದ ಹೊತ್ತು ಮೀರಿ ಕುಳಿತಿರುವಾಗ, ಎಳೆ ಮಗುವಿನ ತಾಯಿಯು ಬಿಸಿನೀರಿಗಾಗಿ ಅಲೆಯುತ್ತಿರುವಾಗ, ‘ಎಲ್ಲವನ್ನೂ ತಾಳಬೇಕು’ ಎಂದು ಕಣ್ಣು ಮುಚ್ಚಿ ಕೂರುವವನು ತಾಳುತ್ತಿರುವುದು ತನ್ನ ದುಃಖವನ್ನಲ್ಲ, ಅವರದನ್ನು. ಪರರ ದುಃಖವನ್ನು ಸಹಿಸುವುದಕ್ಕೆ ತಿತಿಕ್ಷೆಯೆಂಬ ಹೆಸರು ಸಲ್ಲದು, ಅದು ಔದಾಸೀನ್ಯ. ಮಹಾಭಾರತದ ವನಪರ್ವದಲ್ಲಿ ಧರ್ಮರಾಯನ ಕ್ಷಮೆಯನ್ನು ಕಂಡು ನೊಂದ ದ್ರೌಪದಿಯು, ಪ್ರಹ್ಲಾದನು ತನ್ನ ಮೊಮ್ಮಗನಾದ ಬಲಿಗೆ ಹೇಳಿದ ಮಾತನ್ನು ನೆನಪಿಸುತ್ತಾಳೆ: ಸದಾ ಉಗ್ರನಾಗಿರುವುದೂ ಒಳಿತಲ್ಲ, ಸದಾ ಕ್ಷಮಿಸುತ್ತಿರುವುದೂ ಒಳಿತಲ್ಲವೆಂದು ಅದರ ತಾತ್ಪರ್ಯ. ಕ್ಷಮೆಗೂ ಸ್ಥಳ ಕಾಲಗಳುಂಟು. ಆದಕಾರಣ ಉಪಾಹಾರವನ್ನು, ವಸತಿಯನ್ನು, ಬೇರೆ ವಿಮಾನವನ್ನು ಅಥವಾ ಟಿಕೇಟಿನ ಪೂರ್ತಿ ಹಣವನ್ನು ನಿಯಮವಿದ್ದಂತೆ ಕೇಳುವುದು, ಕೇಳಿದರೂ ದೊರೆಯದಿದ್ದರೆ ಬರಹದಲ್ಲಿ ದೂರು ಕೊಡುವುದು ಜಗಳಗಂಟಿತನವಲ್ಲ. ಮುಂದಿನ ವರ್ಷ ಅದೇ ಮಂಜಿನಲ್ಲಿ ಅದೇ ಬೆಂಚಿನ ಮೇಲೆ ಕೂರುವವನಿಗೆ ಅದು ಉಪಕಾರ.

ಮೂರನೆಯದು ಮನಸ್ಸಿನ ತಾಪ. ಮೊದಲೆರಡನ್ನು ಬೆರಸಿ ಸಿಕ್ಕಿದವನ ಮೇಲೆ ಸುರಿಯುವುದು ಇದರ ಕೆಲಸ. 2024ರ ಜನವರಿ 14ರಂದು ದೆಹಲಿಯಿಂದ ಗೋವೆಗೆ ಹೊರಡಬೇಕಾಗಿದ್ದ ವಿಮಾನವು ಮಂಜಿನ ದೆಸೆಯಿಂದ ಬಹಳ ಗಂಟೆಗಳ ಕಾಲ ತಡವಾಯಿತು. ಇನ್ನೂ ತಡವಾಗುವುದೆಂದು ಪ್ರಕಟಿಸುತ್ತಿದ್ದ ಸಹಚಾಲಕನನ್ನು ಪ್ರಯಾಣಿಕನೊಬ್ಬನು ಎದ್ದು ಬಂದು ಹೊಡೆದನು. ಆ ಸಹಚಾಲಕನು ಮಂಜನ್ನು ತಂದವನಲ್ಲ, ಪಟ್ಟಿಯನ್ನು ಬರೆದವನಲ್ಲ, ಸುದ್ದಿಯನ್ನು ಹೇಳಿದವನು ಮಾತ್ರ. ಗೋವೆಯಿಂದ ದೆಹಲಿಗೆ ಹೊರಟು ಮುಂಬಯಿಗೆ ತಿರುಗಿದ ಇನ್ನೊಂದು ವಿಮಾನದ ಪ್ರಯಾಣಿಕರು ಅದೇ ದಿನಗಳಲ್ಲಿ ವಿಮಾನದ ಪಕ್ಕದಲ್ಲಿಯೇ ನೆಲದ ಮೇಲೆ ಕುಳಿತು ಉಂಡರು. ಅದಕ್ಕಾಗಿ ವಿಮಾನ ಸಂಸ್ಥೆಗೆ 1.20 ಕೋಟಿ ರೂಪಾಯಿ, ನಿಲ್ದಾಣದವರಿಗೆ ಒಟ್ಟು 90 ಲಕ್ಷ ರೂಪಾಯಿ ದಂಡ ಬಿದ್ದಿತು. ಎರಡು ನಿದರ್ಶನಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ಹೊಡೆತದಿಂದ ಯಾವ ವಿಮಾನವೂ ಬೇಗ ಹೊರಡಲಿಲ್ಲ, ಹೊಡೆದವನು ಬಂಧಿತನಾದನು. ಲೆಕ್ಕ ಕೇಳಬೇಕಾದವರು ಕೇಳಬೇಕಾದವರನ್ನು ಕೇಳಿದಾಗ ದಂಡವು ಸಲ್ಲಬೇಕಾದಲ್ಲಿಗೆ ಸಂದಿತು. ಮ್ಯೂನಿಕ್ಕಿನ ದುರಂತದಲ್ಲಿಯೂ ಮೊದಲ ಅಪವಾದ ಬಿದ್ದುದು ಕೈಗೆ ಸಿಕ್ಕಿದವನ ಮೇಲೆಯೇ. ರೆಕ್ಕೆಯ ಮೇಲಿನ ಹಿಮವನ್ನು ತೆಗೆಸಲಿಲ್ಲವೆಂದು ಚಾಲಕನನ್ನು ದೂಷಿಸಿದರು. ಓಡುದಾರಿಯ ಮೇಲೆ ನಿಂತಿದ್ದ ಕರಗುಹಿಮದ ಕೆಸರೇ ವಿಮಾನವನ್ನು ತಡೆದುದೆಂದು ಬ್ರಿಟನ್ನಿನ ತನಿಖೆಯು ನಿರ್ಣಯಿಸಿ ಅವನನ್ನು ದೋಷಮುಕ್ತನನ್ನಾಗಿ ಮಾಡುವಷ್ಟರಲ್ಲಿ ಹತ್ತು ವರ್ಷ ಕಳೆದಿತ್ತು.

ಹಾಗೆಂದ ಮಾತ್ರಕ್ಕೆ ಸುದ್ದಿ ಹೇಳುವವನಿಗೆ ಧರ್ಮವಿಲ್ಲವೆಂದಲ್ಲ. ಅವನ ಧರ್ಮ ಸತ್ಯ. ಐದು ಗಂಟೆಯ ವಿಳಂಬವೆಂದು ಗೊತ್ತಿದ್ದೂ ‘ಇನ್ನು ಅರ್ಧ ಗಂಟೆ’ ಎಂದು ಹತ್ತು ಸಲ ಹೇಳುವುದು ಸಮಾಧಾನವಲ್ಲ. ಐದು ಗಂಟೆಯೆಂದು ತಿಳಿದವನು ಉಂಡು ಮಲಗಬಲ್ಲನು. ಅರ್ಧ ಗಂಟೆಯೆಂದು ನಂಬಿದವನು ಚೀಲ ಹಿಡಿದು ನಿಂತೇ ಇರುತ್ತಾನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳುವುದೂ ಸತ್ಯವೇ.

ಕೊನೆಯದಾಗಿ ಒಂದು ಆಕ್ಷೇಪವನ್ನು ವಿಚಾರಿಸಬೇಕು. ‘ಈ ವಿಂಗಡಣೆಯೆಲ್ಲ ಓದುವುದಕ್ಕೆ ಚೆನ್ನ. ಕಾರ್ಯದಲ್ಲಿ ಕೂಗಾಡಿದವನಿಗೆ ಮುಂದಿನ ವಿಮಾನದಲ್ಲಿ ಸ್ಥಳ ಸಿಕ್ಕುತ್ತದೆ. ಸುಮ್ಮನಿದ್ದವನು ಉಳಿಯುತ್ತಾನೆ’ ಎಂದು ಲೋಕಜ್ಞರು ಹೇಳುತ್ತಾರೆ. ಇದು ಸುಳ್ಳೆಂದು ಹೇಳಲಾಗದು. ಆದರೆ ಆ ಸ್ಥಳವು ಎಲ್ಲಿಂದ ಬಂದಿತೆಂದು ಕೇಳಬೇಕು. ವಿಮಾನದಲ್ಲಿ ಪೀಠಗಳು ಎಣಿಸಿದಷ್ಟೇ ಇರುತ್ತವೆ, ಕೂಗಿದರೆ ಹೆಚ್ಚುವುದಿಲ್ಲ. ಕೂಗಿದವನಿಗೆ ದೊರೆತ ಪೀಠವು ಸಂಸ್ಥೆಯಿಂದ ಕಿತ್ತುಕೊಂಡುದಲ್ಲ, ಕೂಗಲಾರದ ಮತ್ತೊಬ್ಬ ಪ್ರಯಾಣಿಕನಿಂದ ಕಿತ್ತುಕೊಂಡುದು.

ಆ ಮತ್ತೊಬ್ಬನು ಯಾರು? ಸಾಲಿನಲ್ಲಿ ನಲವತ್ತನೆಯವನಾಗಿ ನಿಂತವನ ತಂದೆಯು ಧಾರವಾಡದಲ್ಲೋ ಶಿವಮೊಗ್ಗೆಯಲ್ಲೋ ಆ ಬೆಳಗ್ಗೆ ತೀರಿಕೊಂಡಿರಬಹುದು. ಮನೆಯ ಮುಂದೆ ಜನರು ಕೂಡಿ, ಹಿರಿಯ ಮಗನು ಬರಲೆಂದು ಶವವನ್ನು ಕಾದಿರಿಸಿರಬಹುದು. ಸಂಜೆ ಮೀರಿದರೆ ತಮ್ಮನೇ ಕೊಳ್ಳಿಯಿಡಬೇಕಾಗುತ್ತದೆ. ಈ ನಷ್ಟಕ್ಕೆ ಯಾವ ನಿಯಮದಲ್ಲಿಯೂ ಪರಿಹಾರವಿಲ್ಲ. ಕೌಂಟರಿನ ನೌಕರನಿಗೆ ಅದು ಗೊತ್ತಿಲ್ಲ. ಗೊತ್ತಾದರೂ ಮುಂದಿನ ಮೂವತ್ತೊಂಬತ್ತು ಜನರನ್ನು ಬದಿಗೆ ಸರಿಸುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರವಿರುವುದು ಆ ಮೂವತ್ತೊಂಬತ್ತು ಜನರಿಗೆ ಮಾತ್ರ. ಅವರಲ್ಲಿ ರಜೆಗೆ ಹೊರಟವರಿರುತ್ತಾರೆ, ಮಾರನೆಯ ದಿನ ಹೋದರೂ ಕೆಡದ ಕೆಲಸದವರಿರುತ್ತಾರೆ.

ಇತರ ಪ್ರಾಣಿಗಳಿಂದ ಬರತಕ್ಕದ್ದು ಆಧಿಭೌತಿಕವೆಂದು ಶಾಸ್ತ್ರವು ಹೇಳುವಾಗ ಓದುವವನು ಆ ‘ಇತರ’ರಲ್ಲಿ ತನ್ನನ್ನು ಎಣಿಸುವುದು ಕಡಮೆ. ಸಾಲಿನಲ್ಲಿ ನಿಂತ ಪ್ರತಿಯೊಬ್ಬನೂ ತನ್ನ ಹಿಂದಿರುವವನ ಪಾಲಿಗೆ ಆ ಇತರನೇ. ಮಂಜನ್ನು ಅವನು ಚೆದುರಿಸಲಾರನು, ಸಂಸ್ಥೆಯನ್ನು ಒಂದು ರಾತ್ರಿಯಲ್ಲಿ ತಿದ್ದಲಾರನು. ಚಳಿಗಾಲದಲ್ಲಿ ಮುಂಜಾನೆಯ ವಿಮಾನವನ್ನು ಬಿಟ್ಟು ಮಧ್ಯಾಹ್ನದ್ದನ್ನು ಆರಿಸಿಕೊಳ್ಳುವುದು, ಮದುವೆ ಪರೀಕ್ಷೆಗಳಿಗೆ ಒಂದು ದಿನ ಮುಂಚಿತವಾಗಿ ಹೊರಡುವುದು, ಔಷಧವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುವುದು, ಇವು ಅವನ ಕೈಯಲ್ಲಿರುವ ಸಣ್ಣ ಉಪಾಯಗಳು. ಹಿಂದಿರುಗಿ ನೋಡಿ, ‘ತಮಗೆ ಅವಸರವೆ?’ ಎಂದು ಕೇಳುವುದು ಅವಕ್ಕಿಂತಲೂ ಸಣ್ಣದು. ಅದನ್ನು ಕೇಳಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದವನಿಗೆ ಮಂಜು ಬೇಗ ಕರಗುವುದಿಲ್ಲ. ಅವನು ಇನ್ನೊಂದು ರಾತ್ರಿ ಅಲ್ಲಿಯೇ ಕಳೆಯಬೇಕಾಗಲೂಬಹುದು. ಧಾರವಾಡದಲ್ಲಿ ಮಾತ್ರ ಮಗನು ಹೊತ್ತಿಗೆ ಮನೆ ಸೇರುತ್ತಾನೆ.