ನೂರು ದಾಟಿದರೂ ಕತ್ತರಿ ಕೆಳಗಿಡದವರು

ನ್ಯೂಯಾರ್ಕ್ ನಗರದಿಂದ ಹಡ್ಸನ್ ನದಿಗುಂಟ ಉತ್ತರಕ್ಕೆ ಸುಮಾರು 60 ಮೈಲಿ ಹೋದರೆ ಸಿಗುವ ಊರು ನ್ಯೂಬರ್ಗ್. 1911ರಲ್ಲಿ ಇಟಲಿಯಲ್ಲಿ ಹುಟ್ಟಿದ ಆಂಥನಿ ಮ್ಯಾನ್ಸಿನೆಲ್ಲಿ ಎಂಟನೆಯ ವಯಸ್ಸಿಗೆ ಈ ಊರಿಗೆ ಬಂದರು. ಮನೆಯ ಖರ್ಚಿಗೆ ನಾಲ್ಕು ಕಾಸು ಸೇರಲೆಂದು, ಹನ್ನೆರಡು ತುಂಬುವ ಹೊತ್ತಿಗೆಲ್ಲ ಕ್ಷೌರದಂಗಡಿಯಲ್ಲಿ ಕೆಲಸಕ್ಕೆ ನಿಂತಿದ್ದರು. ಆಗ ಅಮೆರಿಕದ ಅಧ್ಯಕ್ಷರು ವಾರನ್ ಹಾರ್ಡಿಂಗ್. ಒಂದು ಕಟಿಂಗಿಗೆ 25 ಸೆಂಟ್.

ಮುಂದೆ ಸ್ವಂತ ಅಂಗಡಿ ತೆರೆದು ದಶಕಗಟ್ಟಲೆ ನಡೆಸಿದರು. ಬೀಟಲ್ಸ್ ಹುಡುಗರನ್ನು ನೋಡಿ ಊರಿನ ಪಡ್ಡೆಗಳೆಲ್ಲ ಕೂದಲು ಬಿಟ್ಟಾಗ ಗೊಣಗಲಿಲ್ಲ, ಗಿರಾಕಿ ಕೇಳಿದಂತೆ ಕತ್ತರಿ ಆಡಿಸಿದರು. ಒಂದೇ ಮನೆಯ ನಾಲ್ಕು ತಲೆಮಾರು ಅವರಿಗೆ ತಲೆ ಒಡ್ಡಿದ್ದುಂಟು. 2007ರಲ್ಲಿ, 96ನೆಯ ವಯಸ್ಸಿನಲ್ಲಿ, ಜಗತ್ತಿನ ಅತಿ ಹಿರಿಯ ವೃತ್ತಿನಿರತ ಕ್ಷೌರಿಕರೆಂದು ಗಿನ್ನೆಸ್ ದಾಖಲೆ ಸೇರಿದರು.

ನನಗೆ ದಾಖಲೆಗಿಂತ ದೊಡ್ಡದಾಗಿ ಕಾಣುವುದು ಬೇರೊಂದು ಸಂಗತಿ. ಯಜಮಾನಿಕೆ ಮುಗಿದ ಮೇಲೂ ಈ ಮನುಷ್ಯ ಕಸುಬು ಬಿಡಲಿಲ್ಲ. ಪಕ್ಕದ ನ್ಯೂ ವಿಂಡ್ಸರಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಸಂಬಳಕ್ಕೆ ನಿಂತರು. 107ರಲ್ಲೂ ವಾರಕ್ಕೆ ಐದು ದಿನ, ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಕೆಲಸ. ಕಟಿಂಗಿನ ದರ ಅಷ್ಟರಲ್ಲಿ 19 ಡಾಲರ್ ಆಗಿತ್ತು. ಕನ್ನಡಕವಿಲ್ಲ, ಕೈ ನಡುಗುತ್ತಿರಲಿಲ್ಲ, ನಿತ್ಯ ನುಂಗುವ ಮಾತ್ರೆಯೂ ಇಲ್ಲ. ನೆಲಕ್ಕೆ ಬಿದ್ದ ಕೂದಲನ್ನು ತಾವೇ ಗುಡಿಸುತ್ತಿದ್ದರು. ತಮ್ಮ ಕ್ರಾಪನ್ನೂ ತಾವೇ ಕತ್ತರಿಸಿಕೊಳ್ಳುತ್ತಿದ್ದರು. ಸುಮಾರು ಎಪ್ಪತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯ ಸಮಾಧಿಗೆ ಹೋಗಿ ಬಂದೇ ದಿನದ ಕೆಲಸ ಶುರು. 2019ರ ಸೆಪ್ಟೆಂಬರಿನಲ್ಲಿ, 108ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೂರು ದಾಟಿದ ಮೇಲೂ ಆ ಕುರ್ಚಿಯ ಹಿಂದೆ ನಿಲ್ಲಲು ಅವರಿಗೆ ಒಳ್ಳೆಯ ಮೈಕಟ್ಟು ಇದ್ದರಷ್ಟೇ ಸಾಲದು, ಊರಿನ ಮರ್ಯಾದೆಯೂ ಬೇಕಿತ್ತು. ಅದನ್ನು ನ್ಯೂಬರ್ಗ್ ಕೊಟ್ಟಿತು. ಕರ್ನಾಟಕದ ನಮ್ಮೂರುಗಳು ಕೊಟ್ಟವೇ? ಮಂಗಳವಾರವೊಂದು ಬಿಟ್ಟು ವಾರವಿಡೀ ನಿಂತೇ ದುಡಿಯುವ ಕೈಗಳು ಅಲ್ಲಿಯೂ ಇವೆ. ಆದರೆ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡೆವು. ಮೀಸೆ ಮೂಡದ ಹುಡುಗರೂ ತಾತನ ವಯಸ್ಸಿನ ಕ್ಷೌರಿಕರನ್ನು ಏಕವಚನದಲ್ಲಿ ಕರೆಯುತ್ತಿದ್ದೆವು. ಹಿರಿಯರು ಯಾರೂ ಗದರಿಸಲಿಲ್ಲ. ಆ ಮನೆಗಳ ಮಕ್ಕಳು ಓದಿ ಬೇರೆ ಕೆಲಸ ಹಿಡಿದದ್ದು ಸಂತೋಷವೇ. ಆದರೆ ಕೈಯಲ್ಲಿ ಕಲೆಯಿದ್ದೂ ಅವಮಾನಕ್ಕೆ ಬೇಸತ್ತು ಅಂಗಡಿ ಮುಚ್ಚಿದವರ ಲೆಕ್ಕ ನಮ್ಮ ಮೇಲಿದೆ.

ಹೊರನಾಡಿನಲ್ಲಿರುವ ನಮಗೆ ಇಲ್ಲಿನ ಸಲೂನಿನಲ್ಲಿ ಥ್ಯಾಂಕ್ಸ್ ಹೇಳಿ, ಟಿಪ್ಸ್ ಕೊಟ್ಟು ಎದ್ದು ಬರುವುದು ರೂಢಿಯಾಗಿದೆ. ಮುಂದಿನ ರಜೆಗೆ ಊರಿಗೆ ಹೋದಾಗ ಅಲ್ಲಿನ ಕುರ್ಚಿಯಲ್ಲೂ ಒಮ್ಮೆ ಕೂರಿ. ಹಿರಿಯರನ್ನು ಬಹುವಚನದಲ್ಲಿ ಮಾತಾಡಿಸಿ. ಜೊತೆಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ.