ಗೋಡೆಯ ವರ್ಣವೂ ಭಾವದ ಲೇಶ್ಯೆಯೂ

ಹೊಸಮನೆಗಳ ಪಡಸಾಲೆಗೆ ಹಸಿರು ಬೆರೆತ ಗಾಢನೀಲಿಯನ್ನು ಬಳಿಸುವ ರೂಢಿ ಈಗ ನಮ್ಮ ಕುಟುಂಬಗಳಲ್ಲಿಯೂ ಕಂಡುಬರುತ್ತಿದೆ. ಬಣ್ಣದ ಅಂಗಡಿಯವರು ಇದನ್ನು ಟೀಲ್ ಎನ್ನುತ್ತಾರೆ. ಜವಳಿ ಅಂಗಡಿಗಳಲ್ಲಿ ಇದು ರಾಮಾ ಗ್ರೀನ್ ಅಥವಾ ನವಿಲು ಬಣ್ಣ. ಹಿರಿಯರಲ್ಲಿ ಕೆಲವರಿಗೆ ಒಂದು ಶಂಕೆಯುಂಟು: ಷಡ್ಲೇಶ್ಯೆಗಳಲ್ಲಿ ನೀಲಲೇಶ್ಯೆಯು ಅಶುಭವಾಗಿರುವಾಗ, ಶ್ರಾವಕನು ಅಂತಹ ವರ್ಣವನ್ನು ಮನೆಗೆ ತರಬಹುದೇ?

ಈ ಶಂಕೆಯನ್ನು ಹಳೆಯದೆಂದು ತಳ್ಳಿಹಾಕದೆ ವಿಚಾರಿಸುವುದು ಯುಕ್ತ. ಸ್ಪರ್ಶ, ರಸ, ಗಂಧಗಳಂತೆ ವರ್ಣವೂ ಪುದ್ಗಲದ ಗುಣ. ದ್ರವ್ಯಲೇಶ್ಯೆಯು ಶರೀರದ ವರ್ಣವನ್ನು ಹೇಳುತ್ತದೆ; ಭಾವಲೇಶ್ಯೆಯು ಕಷಾಯದಿಂದ ಕೂಡಿದ ಪ್ರವೃತ್ತಿಯನ್ನು ಹೇಳುತ್ತದೆ. ಇವೆರಡೂ ಗೋಡೆಗೆ ಸಂಬಂಧಿಸಿದವಲ್ಲ. ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ನೀಲಲೇಶ್ಯೆಗೆ ಹೇಳಿರುವ ಲಕ್ಷಣಗಳು ಅತಿನಿದ್ರೆ, ವಂಚನೆ, ಧನಧಾನ್ಯಗಳಲ್ಲಿ ತೀವ್ರಾಸಕ್ತಿ. ಸುಣ್ಣ ಬಳಿದ ಬಿಳಿಗೋಡೆಗೆ ಒರಗಿ ಕುಳಿತು ತೂಕದಲ್ಲಿ ಮೋಸಮಾಡುವ ವರ್ತಕನಿಗೆ ಶುಕ್ಲಲೇಶ್ಯೆ ಲಭಿಸಲಾರದು. ದಿಗಂಬರ ಮುನಿಗಳ ಪಿಂಛಿಯಲ್ಲಿಯೂ ಇದೇ ಹಸಿರುನೀಲಿ ಹೊಳೆಯುತ್ತದೆ. ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದ ಅದು ಸಂಯಮದ ಉಪಕರಣ.

ವರ್ಣವು ನಿರ್ದೋಷವೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಅದು ಬಂದ ಬಗೆಯನ್ನೂ ನೋಡಬೇಕು. ಸುಮಾರು 1706ರಲ್ಲಿ ಬರ್ಲಿನ್ನಿನಲ್ಲಿ ದೊರೆತ ಪ್ರಷ್ಯನ್ ನೀಲಿಯನ್ನು ಬಹುಕಾಲ ಪ್ರಾಣಿಗಳ ರಕ್ತವನ್ನು ಕ್ಷಾರದೊಡನೆ ಕಾಯಿಸಿ ತಯಾರಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಮನೆಗಳ ಗೋಡೆಕಾಗದಕ್ಕೆ ಬಳಸಿದ ಉಜ್ವಲ ಹಸಿರಿನಲ್ಲಿ ಆರ್ಸೆನಿಕ್ ವಿಷವಿತ್ತು. ಇಂದು ಗಾಢ ಹಸಿರುನೀಲಿಗೆ ಹೆಚ್ಚಾಗಿ ಬಳಕೆಯಾಗುವ ಥ್ಯಾಲೊಸಯನೀನ್ ವರ್ಣದ್ರವ್ಯಗಳು 1930ರ ದಶಕದಲ್ಲಿ ಮಾರುಕಟ್ಟೆಗೆ ಬಂದವು; ಇವಕ್ಕೆ ರಕ್ತ ಬೇಕಿಲ್ಲ. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮವು ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಗೆ ಬಂದಿದೆ.

ಆದರೂ ಹಳೆಯ ಗೋಡೆಯನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಹಿಂದಿನ ಬಣ್ಣದ ಸೀಸವಿರಬಹುದು. ಅದನ್ನು ಉಸಿರಾಡುವವನು ಯಜಮಾನನಲ್ಲ, ದಿನಗೂಲಿಯ ಪೇಂಟರ್. ಗೋಡೆಯನ್ನು ತೇವಗೊಳಿಸಿ ಉಜ್ಜಿಸುವುದು, ಅವನಿಗೆ ಧೂಳನ್ನು ತಡೆಯುವ ಸರಿಯಾದ ಮಾಸ್ಕ್ ಒದಗಿಸುವುದು, ಮಕ್ಕಳನ್ನು ದೂರವಿರಿಸುವುದು ಇವೆಲ್ಲ ಅಹಿಂಸಾಣುವ್ರತಕ್ಕೆ ಸೇರಿದ ಕರ್ತವ್ಯಗಳು. ಕೆಲಸ ಮಾಡಿಸುವ ಬಸದಿಗಳ ಆಡಳಿತ ಮಂಡಳಿಗಳಿಗೂ ಇದು ಅನ್ವಯಿಸುತ್ತದೆ.

ಅಡುಗೆಮನೆಗೂ ಊಟದ ಕೋಣೆಗೂ ಗಾಢವರ್ಣ ತರವಲ್ಲ. ಅದು ಬೆಳಕನ್ನು ಹೀರಿಕೊಳ್ಳುತ್ತದೆ. ಇರುವೆ, ಜೇಡಗಳು ಕಣ್ಣಿಗೆ ಬೀಳುವುದಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಕುಟುಂಬಕ್ಕೆ ಸಂಜೆಯ ಬೆಳಕು ಅಮೂಲ್ಯವಾದುದು.

ಕೊನೆಯದಾಗಿ ಪರಿಗ್ರಹದ ವಿಚಾರ. ಗಾಢವರ್ಣವನ್ನು ಮುಚ್ಚಲು ತಿಳಿಬಣ್ಣವನ್ನು ಹಲವು ಸಲ ಬಳಿಯಬೇಕಾಗುತ್ತದೆ. ಆದುದರಿಂದ ಬಹುವರ್ಷ ಉಳಿಸಿಕೊಳ್ಳುವ ನಿಶ್ಚಯವಿದ್ದವರು ಮಾತ್ರ ಅದನ್ನು ಆರಿಸುವುದು ಲೇಸು. ಬಣ್ಣ ತರಿಸುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇದರಿಂದ ಯಾರಿಗೆ ನೋವು? ಇದು ನಮ್ಮ ಸಮಾಧಾನಕ್ಕೋ, ನೆಂಟರಿಷ್ಟರ ಮುಂದೆ ಮೆರೆಯುವುದಕ್ಕೋ? ಉತ್ತರಗಳು ನಿರ್ಮಲವಾಗಿದ್ದರೆ ಪಡಸಾಲೆಗೆ ನವಿಲು ಬಣ್ಣ ಬಳಿಸಲು ಯಾವ ಅಡ್ಡಿಯೂ ಇಲ್ಲ. ನೆರೆಮನೆಯನ್ನು ಮೀರಿಸುವ ಹಂಬಲದಿಂದ ಬಳಿಸಿದ ಬಿಳಿಬಣ್ಣವಾದರೋ ಅಶುಭಲೇಶ್ಯೆಗೇ ನಿಮಿತ್ತವಾದೀತು.