ಕಂಡವನೂ ಮುಟ್ಟಿದವನೂ ಒಬ್ಬನೇ?

ಆತ್ಮವನ್ನು ಶ್ರುತಿಯ ಮಾತಿಗೇ ಬಿಟ್ಟುಕೊಡದೆ ತರ್ಕದಿಂದ ಸಾಧಿಸಹೊರಟವರು ನೈಯಾಯಿಕರು. ಗೌತಮನ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಶುರುವಾಗುವುದೇ ಅಂಥದೊಂದು ವಾದದಿಂದ. ಕಣ್ಣಿನಿಂದ ಕಂಡದ್ದನ್ನೇ ಆಮೇಲೆ ಕೈಯಿಂದ ಮುಟ್ಟಿ, ಇದು ಅದೇ ಎಂದು ಗುರುತಿಸುತ್ತೇವೆ. ಕಣ್ಣಿಗೆ ಸ್ಪರ್ಶ ಗೊತ್ತಿಲ್ಲ, ಚರ್ಮಕ್ಕೆ ನೋಟ ಗೊತ್ತಿಲ್ಲ. ಹಾಗಾದರೆ ಎರಡನ್ನೂ ಬಲ್ಲ, ಇಂದ್ರಿಯಗಳಿಗಿಂತ ಬೇರೆಯಾದ ಒಬ್ಬ ಜ್ಞಾತೃ ಇರಲೇಬೇಕು. ಇಡೀ ವಾದ ದಿನನಿತ್ಯದ ಅನುಭವದ ಮೇಲೆ ನಿಂತಿದೆ, ಅದೇ ಅದರ ಬಲ. ಆದರೆ ಅನುಭವದ ಮೇಲೆ ನಿಂತದ್ದನ್ನು ಪರೀಕ್ಷೆಗೂ ಒಡ್ಡಬಹುದು. ಹಲವು ಶತಮಾನಗಳ ನಂತರ, ಗೌತಮನ ಹೆಸರನ್ನೇ ಎತ್ತದೆ, ಆ ಪರೀಕ್ಷೆ ಕ್ಯಾಲಿಫೋರ್ನಿಯಾದಲ್ಲಿ ನಡೆದುಹೋಯಿತು.

ಮಿದುಳಿನ ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಸುಮಾರು 20 ಕೋಟಿ ನರತಂತುಗಳ ಕಟ್ಟು. 1962ರಲ್ಲಿ ಲಾಸ್ ಏಂಜಲೀಸಿನ ಶಸ್ತ್ರವೈದ್ಯರಾದ ಫಿಲಿಪ್ ವೋಗೆಲ್ ಮತ್ತು ಜೋಸೆಫ್ ಬೋಗನ್, ಔಷಧಿಗೆ ಬಗ್ಗದ ಮೂರ್ಛೆರೋಗವನ್ನು ಹತೋಟಿಗೆ ತರಲು ಈ ಕಟ್ಟನ್ನು ಕತ್ತರಿಸಿದರು. ಇಂಥ ರೋಗಿಗಳನ್ನು ರೋಜರ್ ಸ್ಪೆರಿ ಮತ್ತು ಮೈಕೆಲ್ ಗಜಾನಿಗ ಪರೀಕ್ಷಿಸಿದರು. ಎಡಗೈಯ ಸ್ಪರ್ಶ, ಎಡಬದಿಯ ನೋಟ ಬಲ ಅರ್ಧಗೋಳಕ್ಕೆ ಹೋಗುತ್ತವೆ; ಮಾತು ಹೆಚ್ಚಿನವರಲ್ಲಿ ಎಡ ಅರ್ಧಗೋಳದ್ದು. ಪರದೆಯ ಹಿಂದೆ ಎಡಗೈಗೆ ಒಂದು ವಸ್ತುವನ್ನು ಕೊಟ್ಟರೆ ರೋಗಿಗೆ ಅದರ ಹೆಸರು ಹೇಳಲಾಗದು. ಆದರೆ ನಾಲ್ಕಾರು ವಸ್ತುಗಳ ನಡುವೆ ಬೆರೆಸಿಟ್ಟರೆ ಅದೇ ಎಡಗೈ ತಡಕಿ ಅದನ್ನೇ ಹೆಕ್ಕುತ್ತದೆ. ಬಲಬದಿಯಲ್ಲಿ ಕಂಡದ್ದನ್ನು ಮಾತ್ರ ಎಡಗೈ ಮುಟ್ಟಿ ಗುರುತಿಸಲಾರದು. ಸೂತ್ರಕಾರ ನೆಚ್ಚಿದ್ದ ಬೆಸುಗೆ ಇಲ್ಲಿ ಬಿಟ್ಟುಕೊಂಡಿದೆ. ಅಂದರೆ ನೋಟಕ್ಕೂ ಸ್ಪರ್ಶಕ್ಕೂ ಗಂಟು ಹಾಕುವ ಕೆಲಸ ನರತಂತುಗಳದು.

ಉಪಕರಣ ಕೆಟ್ಟರೆ ಕರ್ತೃವೇ ಇಲ್ಲವೆಂದಾಗುತ್ತದೆಯೇ ಎಂದು ನೈಯಾಯಿಕ ಕೇಳಬಹುದು. ಕತ್ತರಿ ಬಿದ್ದದ್ದು ಮನಸ್ಸೆಂಬ ಅಂತಃಕರಣಕ್ಕೆ, ಅದನ್ನು ನೋಡುತ್ತಿರುವ ಸಾಕ್ಷಿಗಲ್ಲ ಎಂದು ಅದ್ವೈತಿಯೂ ದನಿಗೂಡಿಸಬಹುದು. ಒಪ್ಪೋಣ, ಆತ್ಮ ಇಲ್ಲವೆಂದು ಯಾವ ಶಸ್ತ್ರಚಿಕಿತ್ಸೆಯೂ ತೋರಿಸಿಲ್ಲ. ಆದರೆ ಬೆಸುಗೆಯನ್ನೇ ಪುರಾವೆಯಾಗಿ ಮುಂದಿಟ್ಟವರು, ಬೆಸುಗೆ ಬಿಟ್ಟಾಗ ಅದಕ್ಕೂ ಆತ್ಮಕ್ಕೂ ಸಂಬಂಧವಿಲ್ಲ ಎನ್ನುವಂತಿಲ್ಲ. ವಿಜ್ಞಾನದ ಕಡೆಯಿಂದಲೂ ಒಂದು ಆಕ್ಷೇಪವಿದೆ, ಅದು ಇನ್ನೂ ತೂಕದ್ದು. 2017ರಲ್ಲಿ ಯಾಯಿರ್ ಪಿಂಟೊ ಮತ್ತು ಸಂಗಡಿಗರು ಇಂಥ ಇಬ್ಬರು ರೋಗಿಗಳನ್ನು ಪರೀಕ್ಷಿಸಿದರು. ಎರಡೂ ಬದಿಯ ಚಿತ್ರಗಳನ್ನು ಹೋಲಿಸಲಾರದ ಅವರು, ಚಿತ್ರ ಯಾವ ಬದಿಯಲ್ಲಿ ಮೂಡಿದರೂ ಮೂಡಿತೆಂಬುದನ್ನು ಯಾವ ಕೈಯಿಂದಲಾದರೂ, ಬಾಯಿಂದಲಾದರೂ ತಿಳಿಸಬಲ್ಲವರಾಗಿದ್ದರು. ಗ್ರಹಿಕೆ ಒಡೆದರೂ ಅರಿವು ಒಡೆದಿಲ್ಲ ಎಂಬುದು ಸಂಶೋಧಕರ ತೀರ್ಮಾನ. ಇಬ್ಬರನ್ನೇ ನಂಬಿ ಇಷ್ಟು ಹೇಳಬಹುದೇ ಎಂಬ ಚರ್ಚೆ ನಡೆದೇ ಇದೆ. ಆ ತೀರ್ಮಾನ ನಿಜವೆಂದೇ ಇಟ್ಟುಕೊಂಡರೂ, ಉಳಿದ ಏಕತೆ ನೈಯಾಯಿಕ ಬೊಟ್ಟುಮಾಡಿ ತೋರಿಸಿದ ಏಕತೆಯಲ್ಲ. ಕಂಡದ್ದನ್ನೂ ಮುಟ್ಟಿದ್ದನ್ನೂ ಕೂಡಿಸುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಆ ರೋಗಿಗಳಿಗೇ ತಾವು ಒಡೆದಿದ್ದೇವೆಂದು ಏಕೆ ಅನ್ನಿಸುವುದಿಲ್ಲ? ಗಜಾನಿಗ ಮತ್ತು ಜೋಸೆಫ್ ಲೆಡೂ 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಸುಳಿವು ಕೊಡುತ್ತದೆ. ಎಡ ಅರ್ಧಗೋಳಕ್ಕೆ ಕೋಳಿಯ ಕಾಲುಗುರು, ಬಲಕ್ಕೆ ಹಿಮ ಬಿದ್ದ ನೋಟ ತೋರಿಸಿದರು. ಬಲಗೈ ಕೋಳಿಯ ಚಿತ್ರವನ್ನು ಆರಿಸಿತು, ಎಡಗೈ ಸಲಿಕೆಯನ್ನು. ಸಲಿಕೆ ಏಕೆ ಎಂದು ಕೇಳಿದರೆ, ಹಿಮವನ್ನು ಕಂಡೇ ಇರದ ಮಾತಿನ ಮಿದುಳು ತಡವರಿಸಲಿಲ್ಲ: ಕೋಳಿಗೂಡು ಶುಚಿಮಾಡಲು ಸಲಿಕೆ ಬೇಕಲ್ಲ ಎಂದಿತು. ಅದು ಸುಳ್ಳು ಹೇಳುತ್ತಿರಲಿಲ್ಲ, ತನ್ನ ಮಾತನ್ನು ನಂಬಿತ್ತು. ಒಡಕನ್ನು ನಾವು ಒಳಗಿನಿಂದ ಕಾಣದಿರುವುದು ಹೀಗೆ ಎಂದು ನನ್ನ ಎಣಿಕೆ: ಬಿರುಕು ಬಿದ್ದಲ್ಲೆಲ್ಲ ಕಾರಣವೊಂದು ತಾನಾಗಿ ಬಂದು ಕೂರುತ್ತದೆ.

ಇಲ್ಲಿ ಮಧ್ವಮತದವರ ಉತ್ತರವೇ ಹೆಚ್ಚು ಬಿಗಿ. ಅವರ ಪ್ರಕಾರ ಸಾಕ್ಷಿಯು, ಎಂದರೆ ಆತ್ಮದ ಸ್ವಂತ ಅರಿವಿನ ಶಕ್ತಿಯು, ಸುಖ, ದುಃಖ, ತನ್ನ ಜ್ಞಾನ ಇವುಗಳಲ್ಲಿ ಎಡವುವುದಿಲ್ಲ. ಸಲಿಕೆಯ ಕಾರಣ ಬರೀ ಊಹೆ, ಊಹೆ ತಪ್ಪುವುದು ಮನಸ್ಸಿನ ದೋಷ ಎನ್ನಬಹುದು ಅವರು. ಸರಿ. ಆದರೆ ಎಡಬದಿಯಲ್ಲಿ ಮೂಡಿದ್ದನ್ನು ಕೈ ಆರಿಸುತ್ತಿರುವಾಗಲೇ ಏನೂ ಕಾಣಲಿಲ್ಲ ಎಂದ ರೋಗಿಗಳಿದ್ದಾರೆ. ತನ್ನ ಜ್ಞಾನವನ್ನು ತಪ್ಪದೆ ಅರಿಯುವ ಸಾಕ್ಷಿ ಒಂದೇ ಆಗಿದ್ದರೆ ಆ ನಿರಾಕರಣೆ ಯಾರದು?